ಅತ್ತೆ ನೋಡಿದ ಮೂರು ಹೈಸ್ಕೂಲುಗಳು

ಅತ್ತೆಯ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಸೀಳಿದ ತುದಿಗಳು ಒಣಗಿದ ಹುಣಿಸೆ ಸಿಪ್ಪೆಯ ಹಾಗೆ ಬೇರೆ ಬೇರೆಯಾಗಿ ನೇತಾಡುತ್ತಿದ್ದವು. ಸಿಟ್ಟು ಬಂದು ತಲೆ ಕೊಡವಿದಾಗ ಎರಡೂ ನಡುಗುತ್ತಿದ್ದವು. ಬಲಗಿವಿಯಲ್ಲಿ ಮಾತ್ರ ಬಂಗಾರದ ಬೆಂಡೋಲೆ. ಎಡಗಿವಿಯದನ್ನು ಅವಳ ಗಂಡ ಕಿತ್ತುಕೊಂಡಿದ್ದ. ತಿರುಪು ಬಿಚ್ಚುವಷ್ಟು ತಾಳ್ಮೆ ಅವನಿಗಿರಲಿಲ್ಲ. ರಕ್ತ ಸುರಿಯುವ ಕಿವಿ ಹಿಡಿದುಕೊಂಡು, ಉಳಿದ ಒಂದು ಓಲೆಯೊಂದಿಗೆ ಅವಳು ತಮ್ಮನ ಮನೆಗೆ ನಡೆದುಕೊಂಡು ಬಂದಿದ್ದಳಂತೆ. ಆ ತಮ್ಮನೇ ನನ್ನ ಅಪ್ಪ. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಬೇರೆ ಹೆಂಗಸಾಗಿದ್ದರೆ ಸೆರಗು ಎಳೆದುಕೊಂಡು ಆ ಕಿವಿಯನ್ನು ಮುಚ್ಚಿಕೊಳ್ಳುತ್ತಿದ್ದಳು. ಅತ್ತೆ ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಹಿಂದಕ್ಕೆ ಬಾಚಿ, ಕಿವಿ ಎಲ್ಲರಿಗೂ ಕಾಣುವ ಹಾಗೆ ಓಡಾಡುತ್ತಿದ್ದಳು. ಯಾರಾದರೂ ಕೇಳಿದರೆ, "ಇನ್ನೊಂದು ಓಲೆ ನೋಡಬೇಕಾ? ಭಟ್ಕಳ ಪೇಟೆಗೆ ಹೋಗಿ. ಯಾರ ಕಿವಿಲಿ ಅದೆ ಅಂತ ಅಲ್ಲಿಯವರೇ ಹೇಳ್ತಾರೆ" ಅನ್ನುತ್ತಿದ್ದಳು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವಳು ಇಷ್ಟವಿರಲಿಲ್ಲ. ನನ್ನ ತಾಯಿ, ಆಯಿಗಂತೂ ಇರಲೇ ಇಲ್ಲ. ಸತ್ತವರ ಬಗ್ಗೆ ಬರೆಯುವಾಗ ಮಾತಿಗೆ ಸ್ವಲ್ಪ ಬೆಲ್ಲ ಬೆರೆಸುವ ರೂಢಿ ಇದೆ. ಅತ್ತೆ ಬದುಕಿದ್ದಷ್ಟು ದಿನ ಯಾರ ಮಾತಿಗೂ ಬೆಲ್ಲ ಬೆರೆಸಿದವಳಲ್ಲ. ಅವಳ ವಿಷಯದಲ್ಲಿ ನಾನು ಬೆರೆಸಿದರೆ ಅದು ಅವಳ ಚಿತ್ರವಾಗುವುದಿಲ್ಲ.

ಅಪ್ಪ ಪಿ.ಡಬ್ಲ್ಯು.ಡಿ.ಯಲ್ಲಿ ರಸ್ತೆ ಮೇಸ್ತ್ರಿ. ಭಟ್ಕಳದಿಂದ ಕುಮಟೆಯವರೆಗಿನ ರಸ್ತೆಯಲ್ಲಿ ಎಲ್ಲಿ ಮಣ್ಣು ಕುಸಿದರೂ, ಎಲ್ಲಿ ಮೋರಿ ಒಡೆದರೂ ಅವನ ಕೂಲಿಗಳು ಅಲ್ಲಿರಬೇಕು. ನಾವು ಇದ್ದದ್ದು ಶರಾವತಿಯ ತೆಂಕಣ ದಡದಿಂದ ಭಟ್ಕಳದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಹಳ್ಳಿಯ ಶಾಲೆ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ನಾನು ಏಳನೇ ಇಯತ್ತೆಯಲ್ಲಿದ್ದೆ. ಮುಲ್ಕಿ ಪರೀಕ್ಷೆ ಮುಗಿದರೆ ಮುಂದೆ ಹೈಸ್ಕೂಲು, ಇಲ್ಲವಾದರೆ ಒಲೆ.

ಅದೇ ವರ್ಷ ಸಾಹೇಬರು ಅಪ್ಪನಿಗೆ, "ಮೇಸ್ತ್ರಿ, ನಿನ್ನ ಬಿಡಾರ ಭಟ್ಕಳದಲ್ಲಿರಲಿ, ಹೊನ್ನಾವರದಲ್ಲಿರಲಿ, ಕುಮಟೆಯಲ್ಲಿರಲಿ, ನನಗೆ ಕೆಲಸ ಆಗಬೇಕು ಅಷ್ಟೇ" ಎಂದಿದ್ದರು. ಯಾವ ಊರಿಗೆ ಹೋಗುವುದೆಂದು ಮನೆಯಲ್ಲಿ ಮಾತು ಶುರುವಾಯಿತು. ಅಪ್ಪನಿಗೆ ಭಟ್ಕಳದಲ್ಲಿ ಒಂದು ಮನೆ ಸಿಕ್ಕಿತ್ತು, ನವಾಯತ ವ್ಯಾಪಾರಿಯೊಬ್ಬರದು. ಅವರ ಮನೆಯ ಹಿಂಭಾಗದಲ್ಲಿ ಎರಡು ಕೋಣೆ, ಬಾವಿ, ನುಗ್ಗೆ ಗಿಡ. ಆಯಿಗೆ ಕಾಸರಕೋಡಕ್ಕೆ ಹೋಗುವ ಆಸೆ. ಅದು ಅವಳ ತವರು. ಹೊಳೆಯ ಆಚೆ ದಡದಲ್ಲಿ ಹೊನ್ನಾವರ, ಈಚೆ ದಡದಲ್ಲಿ ಕಾಸರಕೋಡ. ಅಜ್ಜಿ ಒಬ್ಬಳೇ ಇದ್ದಳು, ಕಣ್ಣು ಮಂಜಾಗಿತ್ತು. ನಾನು ತಾರಿಯ ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರದ ಹೈಸ್ಕೂಲಿಗೆ ಹೋಗಿ ಬರಬಹುದು, ಗಂಡುಹುಡುಗರು ಎಷ್ಟೋ ಮಂದಿ ಹಾಗೆ ಹೋಗುತ್ತಿದ್ದರು.

ಅತ್ತೆ ಕತ್ತ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಮನೆಯ ಖರ್ಚಿಗೆ ಅವಳ ಪಾಲೆಂದರೆ ಆ ತೆಂಗಿನ ನಾರಿನ ಹಗ್ಗ. ಹೊಸೆದು ಹೊಸೆದು ಅವಳ ಅಂಗೈ ಕಲ್ಲಾಗಿತ್ತು. ಆ ಅಂಗೈಯಿಂದ ನನ್ನ ಕೆನ್ನೆಗೆ ಬಿದ್ದ ಏಟುಗಳು ಈಗಲೂ ನೆನಪಿವೆ. ಹಗ್ಗದ ತುದಿಗೆ ಗಂಟು ಹಾಕಿ ಅವಳು ಹೇಳಿದಳು: "ಮನೆ ಎಲ್ಲೂ ಸಿಗ್ತದೆ. ಮೊದ್ಲು ಶಾಲೆ ನೋಡೂದು. ನಾ ನೋಡ್ಕೊಂಡು ಬರ್ತೆ."

ಅಪ್ಪ ನಕ್ಕ. "ಅಕ್ಕಾ, ನೀನು ಶಾಲೆ ನೋಡಿ ಎಂತ ಮಾಡ್ತಿ?"

"ನೀ ರಸ್ತೆ ನೋಡಿ ಎಂತ ಮಾಡ್ತೆಯೋ ಅದೇ. ಎಲ್ಲಿ ಕುಸಿದದೆ ಅಂತ ನೋಡ್ತೆ."

ಮಾವಿಗೆ ಹೂ ಬಂದಿದ್ದ ಕಾಲ. ಅವಳು ನನ್ನನ್ನು ಶಾಲೆ ತಪ್ಪಿಸಿ ಕರೆದುಕೊಂಡು ಹೊರಟಳು. ಮೊದಲು ಭಟ್ಕಳ. ಅಪ್ಪ ಹೇಳಿದ್ದ ಮನೆಗೆ ಹೋದೆವು. ಯಜಮಾನಿತಿ ನನ್ನ ತಲೆ ಸವರಿ, ಬೆಲ್ಲದ ಪಾನಕ ಕೊಟ್ಟು, ತನ್ನ ನವಾಯತಿ ಬೆರೆತ ಕನ್ನಡದಲ್ಲಿ, "ನಿನ್ನ ಅಪ್ಪ ಒಳ್ಳೆ ಮನುಷ್ಯ, ನೀವು ಬನ್ನಿ, ನಮಗೂ ಜೊತೆ ಆಗ್ತದೆ" ಎಂದಳು. ನನಗೆ ಆ ಮನೆ ಎಷ್ಟು ಹಿಡಿಸಿತೆಂದರೆ ಆಗಲೇ ನನ್ನ ಪಾಟಿ ಇಡುವ ಗೂಡನ್ನು ಗುರುತು ಮಾಡಿಕೊಂಡಿದ್ದೆ. ಅತ್ತೆ ಪಾನಕ ಕುಡಿದಳು. "ಮನೆ ಚಲೋ ಅದೆ. ನಾವು ಮನೆ ನೋಡೂಕೆ ಬಂದದ್ದಲ್ಲ" ಎಂದು ಎದ್ದಳು.

ಶಾಲೆಯ ಎದುರು ರಸ್ತೆಯ ಮೋರಿಯ ಮೇಲೆ ಕೂತೆವು. ಒಳಗೆ ಹೋಗಲಿಲ್ಲ. ಗಂಟೆ ಹೊಡೆದಾಗ ಮಕ್ಕಳು ಹೊರಗೆ ಬಂದರು, ಮತ್ತೆ ಗಂಟೆ ಹೊಡೆದಾಗ ಒಳಗೆ ಹೋದರು. ಅತ್ತೆ ನೋಡುತ್ತಲೇ ಇದ್ದಳು. ಬಿಸಿಲು ಏರಿತು. ನನಗೆ ನಾಚಿಕೆಯಿಂದ ನೆಲಕ್ಕಿಳಿದುಹೋಗುವ ಹಾಗಾಗಿತ್ತು. ಹರಿದ ಕಿವಿಯ ಹೆಂಗಸೊಬ್ಬಳು ಶಾಲೆಯನ್ನು ದುರುಗುಟ್ಟಿಕೊಂಡು ನೋಡುತ್ತ ಕೂತಿದ್ದರೆ ಹುಡುಗರು ಸುಮ್ಮನಿರುತ್ತಾರೆಯೇ? ತಮ್ಮ ತಮ್ಮ ಕಿವಿ ಹಿಡಿದು ಎಳೆದುಕೊಂಡು ಅಣಕಿಸಿದರು. ಅವಳು ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ಗಂಟೆ ಹೊಡೆಯುತ್ತಿದ್ದ ಶಾಲೆಯ ಪಟ್ಟೆವಾಲನೇ ಹೊರಗೆ ಬಂದ.

"ಎಂತಮ್ಮಾ, ಬೆಳಗ್ಗಿಂದ ಕೂತಿದ್ರಿ. ಯಾರನ್ನು ಕಾಯ್ತಾ ಇದ್ರಿ?"

"ಯಾರನ್ನೂ ಅಲ್ಲ. ಈಗ ಎಂಟನೇ ಇಯತ್ತೇಲಿ ಹೆಣ್ಣುಮಕ್ಕಳು ಇದ್ರಾ?"

"ಇದ್ರು. ಬೆಂಚು ತುಂಬ ಇದ್ರು."

"ಹನ್ನೊಂದನೇದ್ರಲ್ಲಿ?"

ಪಟ್ಟೆವಾಲ ತಲೆ ಕೆರೆದುಕೊಂಡ. "ಒಬ್ಬಳು. ಅವಳು ಮಾಸ್ತರ ಮಗಳು."

"ಉಳಿದವರು ಎಲ್ಲಿ ಹೋದರು?"

"ಎಲ್ಲಿ ಹೋಗ್ತಾರೆ? ಮದುವೆ ಆಗಿ ಹೋದರು. ಅದಕ್ಕೆ ಶಾಲೆ ಎಂತ ಮಾಡ್ತದೆ?"

"ಶಾಲೆಗೆ ನಾ ಎಂತದೂ ಹೇಳಲಿಲ್ಲ" ಎಂದಳು ಅತ್ತೆ.

ಅಷ್ಟರಲ್ಲಿ ರಸ್ತೆಯಲ್ಲಿ ಕೊಡೆ ಹಿಡಿದ ಒಬ್ಬ ಗಂಡಸು ಬರುತ್ತಿದ್ದವನು ನಮ್ಮನ್ನು ಕಂಡು ನಿಂತ. ಹೊಟ್ಟೆ ಬಂದ, ಸಾಧಾರಣ ಮುಖದ ಮನುಷ್ಯ. ಏನೋ ಹೇಳಲು ಬಾಯಿ ತೆರೆದ. ಅತ್ತೆ ಅವನನ್ನು, ಗೋಡೆಯನ್ನು ನೋಡುವ ಹಾಗೆ ನೋಡಿದಳು. ಅವನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಬಂದ ದಾರಿಯಲ್ಲೇ ತಿರುಗಿ ಹೋದ. ಯಾರು ಎಂದು ನಾನು ಕೇಳಿದೆ. "ಯಾರೂ ಅಲ್ಲ. ನಡಿ" ಎಂದಳು. ಬಸ್ಸಿನಲ್ಲಿ ಊರು ತಲುಪುವವರೆಗೂ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮುಂದಿನ ವಾರ ಹೊನ್ನಾವರ. ಕಾಸರಕೋಡದಲ್ಲಿ ಬಸ್ಸು ಇಳಿದು ದೋಣಿಯಲ್ಲಿ ದಾಟಿದೆವು. ಆ ಸಲ ಅವಳು ಮೋರಿಯ ಮೇಲೆ ಕೂರಲಿಲ್ಲ, ನೇರವಾಗಿ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದಳು. ಅವರು ಸಭ್ಯರು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಆಚೆ ದಡದ ಮಕ್ಕಳು ಮಳೆಗಾಲದಲ್ಲಿ ಬರ್ತಾರಾ?"

"ಹೊಳೆ ಏರಿದರೆ ತಾರಿಯವರು ದೋಣಿ ಬಿಡುವುದಿಲ್ಲ, ಅಮ್ಮ. ಆ ದಿನಗಳ ಗೈರುಹಾಜರಿಯನ್ನು ನಾವು ಗಣನೆಗೆ ತೆಗೆದುಕೊಳ್ಳುವುದಿಲ್ಲ."

"ಪಾಠ?"

"ಪಾಠ ನಡೆಯುತ್ತದೆ. ಆಮೇಲೆ ಅವರಿವರಿಂದ ಬರೆದುಕೊಳ್ಳುತ್ತಾರೆ."

"ಅಂದ್ರೆ ಹೊಳೆ ಹೇಳಿದಾಗ ಶಾಲೆ" ಎಂದಳು ಅತ್ತೆ. ಹೆಡ್‌ಮಾಸ್ತರರ ಮುಖ ಕೆಂಪಾಯಿತು. "ಈ ಊರಲ್ಲೇ ಬಿಡಾರ ಮಾಡಿದರೆ ಆ ತೊಂದರೆ ಇಲ್ಲವಲ್ಲ" ಎಂದರು. ಅದು ನ್ಯಾಯವಾದ ಮಾತೇ. ಅತ್ತೆ ಆಗಲೇ ನನ್ನ ಕೈ ಹಿಡಿದು ಹೊರಗೆ ಹೊರಟಿದ್ದಳು.

ಹಿಂದಿರುಗುವಾಗ ಅಜ್ಜಿಯ ಮನೆಯಲ್ಲಿ ಊಟ. ಅಜ್ಜಿ ನನಗಾಗಿ ಬಂಗಡೆ ಸಾರು ಮಾಡಿದ್ದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಳ್ಳು ಬಿಡಿಸಿ ಕೊಡುತ್ತ, "ನೀ ಇಲ್ಲೇ ಇರು ಮಗಾ. ನಂಗೆ ಕಣ್ಣು ಕಾಣೂದಿಲ್ಲ, ನೀನೇ ಮೀನು ಕೊಯ್ದು ಕೊಡು, ನಾ ಸಾರು ಮಾಡ್ತೆ" ಎಂದಳು. ಅವಳು ಪ್ರೀತಿಗೆ ಹೇಳಿದ ಮಾತು ಅದು.

ಅತ್ತೆ ತುತ್ತು ನಿಲ್ಲಿಸಿದಳು. "ಕಂಡ್ಯಾ? ಇನ್ನೂ ಬಿಡಾರ ಬರಲಿಲ್ಲ, ಆಗಲೇ ಕೈಗೆ ಮೆಟ್ಟುಗತ್ತಿ ಕೊಟ್ಟಾತು. ಇಲ್ಲಿ ಇವಳು ಕಲಿಯೂದು ಮೀನು ಕೊಯ್ಯೂದು ಒಂದೇ."

ಅಜ್ಜಿ ಮಂಜುಗಣ್ಣನ್ನು ಧ್ವನಿ ಬಂದ ಕಡೆಗೆ ತಿರುಗಿಸಿದಳು. "ಮೀನು ಕೊಯ್ಯೂದು ಕಲಿತೇ ನನ್ನ ಮಗಳು ನಿನ್ನ ತಮ್ಮನ ಸಂಸಾರ ನಡೆಸೂದು. ಅದೇ ಸಂಸಾರದಲ್ಲಿ ಕೂತು ನೀ ಉಣ್ಣೂದು."

ಅತ್ತೆ ಎಲೆಯ ಮುಂದಿನಿಂದ ಎದ್ದಳು. ಬಾವಿಕಟ್ಟೆಯಲ್ಲಿ ಕೈ ತೊಳೆದು, ನನ್ನನ್ನು ಅರ್ಧ ಊಟದಲ್ಲೇ ಎಬ್ಬಿಸಿ ಬಸ್ಸಿಗೆ ಎಳೆದುಕೊಂಡು ಹೋದಳು. ಅಜ್ಜಿ ಬಾಗಿಲಿನವರೆಗೂ ಗೋಡೆ ಹಿಡಿದುಕೊಂಡು ಬಂದು, "ಮಗು ಉಣ್ಣಲಿ, ನೀ ಬೇಕಾದ್ರೆ ಹೋಗು" ಎನ್ನುತ್ತಿದ್ದಳು. ಅಜ್ಜಿಯನ್ನು ನಾನು ನೋಡಿದ್ದು ಅದೇ ಕೊನೆ.

ಕುಮಟೆಗೆ ಹೋದ ದಿನದ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಅಷ್ಟು ಹೊತ್ತಿಗೆ ನಾನು ಅವಳ ಜೊತೆ ಮಾತಾಡುವುದನ್ನೇ ಬಿಟ್ಟಿದ್ದೆ. ಶಾಲೆ ಬಿಟ್ಟಾಗ ನಾವು ಗೇಟಿನ ಹತ್ತಿರ ಇದ್ದೆವು. ಆರೇಳು ದೊಡ್ಡ ಹುಡುಗಿಯರು ಎದೆಗೆ ಪುಸ್ತಕ ಒತ್ತಿಕೊಂಡು, ನಗುತ್ತ, ಪಕ್ಕದ ಹಳ್ಳಿ ಹೊಳನಗದ್ದೆಯ ಕಡೆಗೆ ಹೊರಟರು. ಜೊತೆಗೆ ಅಣ್ಣನಾಗಲಿ ಆಳಾಗಲಿ ಇರಲಿಲ್ಲ. ಅತ್ತೆ ಅವರ ಹಿಂದೆಯೇ ಹೊರಟಳು. ಗದ್ದೆಯ ಬದುವಿನ ಹಾಳಿಯ ಮೇಲೆ ಅವರನ್ನು ಹಿಡಿದು ನಿಲ್ಲಿಸಿ, ಎಲ್ಲರಿಗಿಂತ ಎತ್ತರದವಳನ್ನು ಕೇಳಿದಳು.

"ಯಾವ ಇಯತ್ತೆ?"

"ಹನ್ನೊಂದು."

"ಇವರೆಲ್ಲ?"

"ಹನ್ನೊಂದು, ಹತ್ತು. ಇವಳು ಒಂಬತ್ತು."

"ಮುಂದೆ ಎಂತ ಮಾಡ್ತೆ?"

"ಕಾಲೇಜು."

"ಎಲ್ಲಿ?"

ಹುಡುಗಿ ಕೈ ಎತ್ತಿ ಪೇಟೆಯ ಕಡೆ ತೋರಿಸಿದಳು. "ಇಲ್ಲೇ."

ಅತ್ತೆ ಆ ಕೈ ತೋರಿಸಿದ ಕಡೆ ತುಂಬ ಹೊತ್ತು ನೋಡಿದಳು. ಆಮೇಲೆ ಆ ಹುಡುಗಿಯರ ಜೊತೆಯಲ್ಲೇ ನಡೆದು, ಅವರಲ್ಲೊಬ್ಬಳ ಮನೆಯ ಪಕ್ಕ ಖಾಲಿ ಇದ್ದ ಒಂದು ಹಂಚಿನ ಮನೆಯನ್ನು, ಅಪ್ಪನನ್ನು ಕೇಳದೆ, ಆಯಿಗೆ ಹೇಳದೆ, ಮಾತಾಡಿ ಮುಗಿಸಿಬಿಟ್ಟಳು. ಆ ಮನೆಗೆ ಬಾವಿ ಇರಲಿಲ್ಲ. ಪಕ್ಕದ ಮನೆಯಿಂದ ನೀರು ಹೊರಬೇಕು. ಹೊತ್ತದ್ದು ಆಯಿ.

ಊರಿಗೆ ಬಂದು ಅತ್ತೆ ಸುದ್ದಿ ಹೇಳಿದಾಗ ಅಪ್ಪ ಬೀಡಿ ಹಚ್ಚಿಕೊಂಡು, "ಅಕ್ಕ ಹೇಳಿದ ಮೇಲೆ ಆತು" ಎಂದ. ಅಪ್ಪ ನೂರು ಕೂಲಿಗಳನ್ನು ಗದರಿಸಬಲ್ಲವನಾಗಿದ್ದ, ಮನೆಯೊಳಗೆ ಅವನಿಗೆ ಧ್ವನಿ ಇರಲಿಲ್ಲ. ಆಯಿ ಮಾತ್ರ ಸುಮ್ಮನಿರಲಿಲ್ಲ.

"ಇದೆಲ್ಲ ಶಾಲೆ ಸಲುವಾಗಿ ಅಲ್ಲ" ಎಂದಳು ಅಪ್ಪನಿಗೆ, ಅತ್ತೆಗೆ ಕೇಳುವ ಹಾಗೆ. "ಭಟ್ಕಳದಲ್ಲಿ ಅವಳ ಗಂಡ. ಕಾಸರಕೋಡದಲ್ಲಿ ನನ್ನ ಜನ. ಎರಡೂ ಇಲ್ಲದ ಊರು ಕುಮಟೆ. ಅದಕ್ಕೇ ಕುಮಟೆ ಶಾಲೆ ಚಲೋ ಆತು."

ಅತ್ತೆ ನಾರು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಹೌದು ಅಂತಲೇ ಇಟ್ಕೊ" ಎಂದಳು. "ನನ್ನ ಗಂಡನ ಊರೂ ಬ್ಯಾಡ, ನಿನ್ನ ತಾಯಿ ಊರೂ ಬ್ಯಾಡ. ಒಂದರಲ್ಲಿ ನನ್ನ ಕಿವಿ ಹರೀತು, ಇನ್ನೊಂದರಲ್ಲಿ ನೀ ಮೀನು ಕೊಯ್ಯೂದು ಕಲಿತೆ, ಅಷ್ಟು ಸಾಕು; ಇವಳು ನೌಕರಿ ಹಿಡೀಲಿ. ನೌಕರಿ ಇದ್ದ ಹೆಂಗಸಿನ ಕಿವಿ ಯಾರೂ ಹರಿಯೂದಿಲ್ಲ."

ಆಯಿ ಹೇಳಿದ್ದು ನಿಜವೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ಭಟ್ಕಳದ ಮನೆಯ ಗೂಡಿನಲ್ಲಿ ನನ್ನ ಪಾಟಿ ಇಡುವ ಆಸೆ ಅಲ್ಲಿಗೆ ಮುಗಿಯಿತು. ಮೇ ತಿಂಗಳಲ್ಲಿ ಪಾತ್ರೆ, ಚಾಪೆ, ಕತ್ತದ ಕಟ್ಟು ಎಲ್ಲವನ್ನೂ ಲಾರಿಗೆ ಹೇರಿ ನಾವು ಕುಮಟೆಗೆ ಬಂದೆವು.

ಆ ವರ್ಷದ ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಅಜ್ಜಿಗೆ ಜ್ವರ ವಿಪರೀತವಾಗಿದೆ, ಮಗಳನ್ನು ಕೇಳುತ್ತಿದ್ದಾಳೆ ಎಂದು ಬಸ್ಸಿನ ಕಂಡಕ್ಟರನ ಬಾಯಲ್ಲಿ ಸುದ್ದಿ ಬಂತು. ಆಯಿ ಉಟ್ಟ ಸೀರೆಯಲ್ಲೇ ಅಪ್ಪನ ಜೊತೆ ಹೊರಟಳು. ನಾನೂ ಬರುತ್ತೇನೆ ಎಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ನಾಳೆ ನಿಂಗೆ ತಿಂಗಳ ಪರೀಕ್ಷೆ ಅದೆ. ಅವರು ಹೋಗಲಿ."

ಹೊನ್ನಾವರದ ದಡಕ್ಕೆ ಹೋಗಿ ಅವರು ನೋಡುತ್ತಾರೆ, ಶರಾವತಿ ಕೆಂಪಾಗಿ ದಡ ಮೀರಿ ಹರಿಯುತ್ತಿದೆ. ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದು ಕಟ್ಟಿಬಿಟ್ಟಿದ್ದಾರೆ. ಆಯಿ ತಾರಿಯವರ ಕಾಲು ಹಿಡಿದಳಂತೆ. "ತಾಯಿ, ನಮ್ಮ ಮಕ್ಕಳೂ ಮನೇಲಿ ಕಾಯ್ತಾರೆ" ಎಂದು ಅವರು ಅತ್ತ ತಿರುಗಿದರಂತೆ. ಹೊಳೆಯ ಆಚೆ ತೆಂಗಿನ ಸಾಲು ಮಳೆಯಲ್ಲಿ ಬೂದಿಬಣ್ಣವಾಗಿ ಕಾಣುತ್ತಿತ್ತು. ಅದರ ಹಿಂದೆ ಅಜ್ಜಿಯ ಮನೆ. ಆಯಿ ಒಂದು ಅಂಗಡಿಯ ಜಗಲಿಯಲ್ಲಿ ಕೂತು ಆ ಕಡೆಯೇ ನೋಡುತ್ತ ಉಳಿದಳು. ಅಪ್ಪ ಕರೆದರೂ ಒಳಗೆ ಬರಲಿಲ್ಲ. ಮಳೆ ಇಳಿದು ಮೊದಲ ದೋಣಿ ಬಿಟ್ಟಾಗ ದಾಟಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನೆರೆಯವರೇ ಸುಟ್ಟು ಬಂದಿದ್ದರು.

ನಾವು ಹಳ್ಳಿಯಲ್ಲೇ ಇದ್ದಿದ್ದರೆ, ಭಟ್ಕಳದಲ್ಲಿದ್ದಿದ್ದರೂ, ನಡುವೆ ಆ ಹೊಳೆ ಇರುತ್ತಿರಲಿಲ್ಲ.

ಆಯಿ ಮರಳಿ ಬಂದಾಗ ಅತ್ತೆ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದಳು. ಆಯಿ ಗಂಟು ಕೆಳಗಿಟ್ಟು ಅವಳೆದುರು ನಿಂತಳು. ಧ್ವನಿ ಏರಿಸಲಿಲ್ಲ.

"ನಿಮ್ಮ ಶಾಲೆ ನನ್ನ ತಾಯಿ ಮುಖ ತಿಂತು, ಅತ್ತಿಗೆ."

ಅತ್ತೆಯ ಕೈ ನಿಂತಿತು. ಅವಳು ಏನಾದರೂ ಮೆತ್ತಗಿನ ಮಾತು ಹೇಳಿಯಾಳು ಎಂದು ನಾನು ಕಾದೆ. ಅವಳು ಹೇಳಿದ್ದು ಇಷ್ಟು: "ಹೊಳೆ ನಾ ತಂದು ಇಟ್ಟದ್ದಲ್ಲ."

ಆ ದಿನದಿಂದ ಆಯಿ ಅವಳೊಂದಿಗೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಜಗಲಿ. ಅತ್ತೆಯ ಎಲೆಗೆ ಬಡಿಸುವಾಗಲೂ ಆಯಿ ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದಳು. ಏನಾದರೂ ಹೇಳಬೇಕಿದ್ದರೆ ನನ್ನ ಮೂಲಕ. "ಅತ್ತೆಗೆ ಕೇಳು, ನೀರು ಕಾದದೆ, ಮೀಯ್ತಾಳಾ ಅಂತ." ಅತ್ತೆ ಅದೇ ಕೋಣೆಯಲ್ಲಿ ಕೂತು, "ಮೀಯ್ತೆ ಅಂತ ಹೇಳು" ಎನ್ನುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಇಬ್ಬರ ಮಾತನ್ನೂ ಹೊತ್ತು ತಿರುಗಿ ನನಗೆ ಇಬ್ಬರ ಮೇಲೂ ಸಿಟ್ಟು, ಅತ್ತೆಯ ಮೇಲೆ ಹೆಚ್ಚು.

ಅತ್ತೆ ನನ್ನನ್ನು ಓದಿಸಿದಳು ಎಂದು ಜನ ಹೇಳುತ್ತಾರೆ. ಅವಳು ಓದಿಸಲಿಲ್ಲ, ಕಾವಲು ಕಾದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ನಾನು ಪುಸ್ತಕ ಹಿಡಿದು ಸುಮ್ಮನೆ ಕೂತಿದ್ದೇನೋ, ನಿಜವಾಗಿ ಓದುತ್ತಿದ್ದೇನೋ ಎಂಬುದು ಅವಳಿಗೆ ಹೇಗೋ ತಿಳಿಯುತ್ತಿತ್ತು. ಗಣಿತದಲ್ಲಿ ಕಡಿಮೆ ಬಂದ ಸಲ ಶಾಲೆಗೇ ಬಂದು, ಇಡೀ ವರ್ಗದ ಎದುರು ಮಾಸ್ತರರಿಗೆ, "ಇವಳಿಗೆ ಹೊಡೀರಿ, ನಾ ಎಂತದೂ ಹೇಳೂದಿಲ್ಲ" ಎಂದಳು. ಮಾಸ್ತರರು ಹೊಡೆಯಲಿಲ್ಲ, ನಕ್ಕುಬಿಟ್ಟರು. ಅವಳು ಮನೆಗೆ ಬಂದ ಮೇಲೆ ತಾನೇ ಹೊಡೆದಳು. ಗೆಳತಿಯರ ಮನೆಗೆ ಹೋಗುವಂತಿಲ್ಲ. ತಲೆಗೆ ಹೂ ಮುಡಿಯುವಂತಿಲ್ಲ. "ಹೂ ಮುಡಿದವಳನ್ನು ಜನ ನೋಡ್ತಾರೆ. ನೋಡಿದವರು ಕೇಳೂಕೆ ಬರ್ತಾರೆ" ಎಂಬುದು ಅವಳ ವಾದ.

ಹೂ ಮುಡಿಯದಿದ್ದರೂ ಕೇಳಲು ಬಂದರು. ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ಮಿರ್ಜಾನದಿಂದ ಒಂದು ಸಂಬಂಧ ಬಂತು. ಗದ್ದೆ ಇದ್ದ ಮನೆ, ಹುಡುಗ ಒಳ್ಳೆಯವನೆಂದು ಎಲ್ಲರೂ ಹೇಳುತ್ತಿದ್ದರು. ಅಪ್ಪನಿಗೆ ಖುಷಿ. ತಾಯಿ ಸತ್ತ ಮೇಲೆ ಆಯಿ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ಅವರು ಬಂದು, ನೋಡಿ, ಅವಲಕ್ಕಿ ತಿಂದು, ಹೂ ಕೊಟ್ಟು ಹೊರಟರು. ನನಗೂ ಬೇಡವೆನಿಸಿರಲಿಲ್ಲ. ಆ ಮನೆಯಿಂದ ಹೊರಗೆ ಹೋಗುವ ಯಾವ ದಾರಿಯಾದರೂ ಆಗ ನನಗೆ ಒಳ್ಳೆಯ ದಾರಿಯೇ. ಅತ್ತೆ ಬಂದವರನ್ನು ಬಸ್ಸಿನವರೆಗೆ ಬಿಟ್ಟು ಬರುತ್ತೇನೆಂದು ಅವರ ಹಿಂದೆ ಹೋದಳು.

ಆ ಮೇಲೆ ಮಿರ್ಜಾನದಿಂದ ಸುದ್ದಿಯೇ ಇಲ್ಲ. ಕೆಲವು ದಿನ ಕಳೆದು ಅಪ್ಪ ಅಲ್ಲಿಯ ರಸ್ತೆ ಕೆಲಸಕ್ಕೆ ಹೋದಾಗ ಹುಡುಗನ ಚಿಕ್ಕಪ್ಪ ಅವನನ್ನು ಬದಿಗೆ ಕರೆದು, ಮರುಕದಿಂದಲೇ, "ಮೇಸ್ತ್ರಿ, ಮುಚ್ಚಿಟ್ಟು ಮದುವೆ ಮಾಡೂದು ಸರಿಯಲ್ಲ. ಮಗಳ ಫಿಟ್ಸಿಗೆ ಮೊದಲು ಔಷಧ ಮಾಡ್ಸಿ" ಎಂದನಂತೆ.

ಅಪ್ಪ ಕೆಲಸ ಬಿಟ್ಟು ನೇರ ಮನೆಗೆ ಬಂದ. ಕಾಲಿಗೆ ಡಾಂಬರು ಮೆತ್ತಿತ್ತು. ತೊಳೆಯದೆ ಒಳಗೆ ಬಂದ.

"ಅಕ್ಕಾ, ಇವಳಿಗೆ ಫಿಟ್ಸ್ ಅದೆ ಅಂತ ನೀ ಹೇಳಿದ್ಯಾ?"

"ಹೇಳ್ದೆ."

"ಸುಳ್ಳು ಹೇಳಿದ್ಯಾ?"

"ಸುಳ್ಳೇ. ಹುಡುಗಿ ಓದ್ತದೆ, ಈಗ ಬ್ಯಾಡ ಅಂತ ನಿಜ ಹೇಳಿದ್ರೆ ಅವರು ಕೇಳ್ತಿದ್ರಾ? ನೀ ಕೇಳ್ತಿದ್ಯಾ?"

ಅಪ್ಪನ ಕೈ ಮೇಲೆ ಹೋಯಿತು. ಅಕ್ಕನ ಮೇಲೆ ಎತ್ತಿದ ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಹಾಗೇ ಕೆಳಗಿಳಿಯಿತು. ಅವಳು ಮುಖ ತಪ್ಪಿಸಿಕೊಳ್ಳಲಿಲ್ಲ. ಅಪ್ಪ ಹೊರಗೆ ಹೋಗಿ, ಆ ತಿಂಗಳೆಲ್ಲ ರಸ್ತೆ ಕೆಲಸದ ಗುಡಾರದಲ್ಲೇ ಮಲಗಿದ.

ಸುಳ್ಳು ನಮ್ಮ ಮನೆಯೊಳಗೇ ಉಳಿಯಲಿಲ್ಲ. ಶಾಲೆಗೂ ಬಂತು. ತಲೆನೋವೆಂದು ನಾನು ಬೆಂಚಿನ ಮೇಲೆ ತಲೆ ಇಟ್ಟರೆ ಪಕ್ಕದವಳು ಬೀಗದ ಕೈ ತಂದು ನನ್ನ ಮುಷ್ಟಿಯಲ್ಲಿ ತುರುಕುತ್ತಿದ್ದಳು. ಇನ್ನೊಬ್ಬಳು ಮನೆಯಿಂದ ಈರುಳ್ಳಿ ತಂದು ಕಂಪಾಸ್ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದಳು, ನಾನು ಬಿದ್ದರೆ ಮೂಗಿಗೆ ಹಿಡಿಯಲು. ನಾನು ಸ್ವಲ್ಪ ಜೋರಾಗಿ ನಕ್ಕರೂ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕುಮಟೆಯಿಂದ ಗೋಕರ್ಣದವರೆಗೆ ನಮ್ಮ ಜನರಲ್ಲಿ ನನ್ನನ್ನು ಮತ್ತೆ ಯಾರೂ ಕೇಳಲಿಲ್ಲ. ಎಷ್ಟೋ ವರ್ಷಗಳ ನಂತರ ನಾನು ಮದುವೆಯಾದದ್ದು ಘಟ್ಟದ ಮೇಲಿನವರನ್ನು. ಅಲ್ಲಿಗೆ ಅತ್ತೆಯ ಸುಳ್ಳು ಹತ್ತಿರಲಿಲ್ಲ.

ಈರುಳ್ಳಿಯ ವಿಷಯ ಗೊತ್ತಾದ ದಿನ ನಾನು ಮನೆಗೆ ಬಂದು ಅತ್ತೆಯ ಎದುರು ನಿಂತು ಹೇಳಿದೆ. "ನೀ ಸತ್ತರೆ ನಾ ಅಳೂದಿಲ್ಲ."

ಅವಳು ಹಗ್ಗದಿಂದ ಕಣ್ಣೆತ್ತಿದಳು. "ಅಳಬ್ಯಾಡ" ಎಂದಳು. "ಪಾಸಾಗು."

ಪಾಸಾದೆ. ಆದರೆ ಅವಳು ಹೇಳಿದ ಹಾಗೆ ಕಾಲೇಜಿಗೆ ಹೋಗಲಿಲ್ಲ. ಯಾವ ಕಾಲೇಜು ಊರಲ್ಲೇ ಇದೆಯೆಂದು ಅವಳು ನಮ್ಮೆಲ್ಲರನ್ನೂ ಎಳೆದು ತಂದಿದ್ದಳೋ, ಅದರ ಮೆಟ್ಟಿಲನ್ನು ನಾನು ಬೇಕೆಂದೇ ಹತ್ತಲಿಲ್ಲ. ಮಾಸ್ತರಿಕೆಯ ಟ್ರೇನಿಂಗಿಗೆ ಸೇರಿದೆ. ಬೇಗ ನೌಕರಿ ಸಿಗುತ್ತದೆ, ಬೇಗ ಅವಳ ಕಣ್ಣಿನಿಂದ ದೂರ ಹೋಗಬಹುದು ಎಂಬುದೊಂದೇ ಲೆಕ್ಕ. "ಇಷ್ಟು ಮಾಡಿ ಕನ್ನಡ ಶಾಲೆಲಿ ಅ ಆ ಬರೆಸೂಕೆ ಹೋಗ್ತೆಯಾ?" ಎಂದಳು. "ಹೋಗ್ತೆ" ಎಂದೆ. ಅವಳ ಮುಖ ಬಿದ್ದುಹೋದದ್ದನ್ನು ಕಂಡು ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ನೌಕರಿ ಸಿಕ್ಕಿದ್ದು ಮಿರ್ಜಾನದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ. ದೂರ ಹೋಗುವ ಆಸೆ ಅಲ್ಲಿಗೂ ಈಡೇರಲಿಲ್ಲ, ದಿನಾ ಮನೆಯಿಂದಲೇ ಹೋಗಿ ಬರುತ್ತಿದ್ದೆ. ಅತ್ತೆ ಬೆಳಿಗ್ಗೆ ಜಗಲಿಯಲ್ಲಿ ಕೂತು ನಾನು ಹೊರಡುವುದನ್ನು ನೋಡುತ್ತಿದ್ದಳು. ಒಂದು ದಿನವೂ ಒಳ್ಳೆಯ ಮಾತು ಹೇಳಲಿಲ್ಲ. ಬಸ್ಸು ತಪ್ಪೀತು ಎಂದು ಗದರಿ ಕಳಿಸುತ್ತಿದ್ದಳು.

ಮೂರನೆಯ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಹೊನ್ನಾವರದ ಆಸ್ಪತ್ರೆಯಲ್ಲಿ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಬಡವಾಗುತ್ತ ಬಡವಾಗುತ್ತ ಅವಳು ಚಾಪೆಯ ಅಗಲಕ್ಕಿಂತ ಕಡಿಮೆಯಾದಳು. ನಾಲಗೆ ಮಾತ್ರ ಬಡವಾಗಲಿಲ್ಲ. ಅವಳ ಮೈ ಒರೆಸಿದ್ದು, ಗಂಜಿ ಕುಡಿಸಿದ್ದು, ಕೊಳೆ ತೆಗೆದದ್ದು ಎಲ್ಲ ಆಯಿ. ಮಾತಿಲ್ಲದೆ ಮಾಡಿದಳು. ಪ್ರೀತಿಯಿಂದ ಮಾಡಿದಳು ಎಂದು ಹೇಳಲಾರೆ. ಮಾಡಬೇಕಾದ್ದನ್ನು ಬಿಡುವ ಹೆಂಗಸಲ್ಲ ಆಯಿ, ಅಷ್ಟೇ.

ಶ್ರಾವಣದ ಒಂದು ಮಧ್ಯಾಹ್ನ ನಾನು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಪಕ್ಕದ ಮನೆಯವರು ಸೈಕಲ್ಲಿನಲ್ಲಿ ಮಳೆಗೆ ತೊಯ್ದು ಬಂದು ಬಾಗಿಲಲ್ಲಿ ನಿಂತರು. "ನಿಮ್ಮ ಆಯಿ ಈಗಲೇ ಬರೂಕೆ ಹೇಳಿದ್ರು" ಎಂದರು. ಹೋದೆ.

ಅತ್ತೆಗೆ ಉಸಿರು ಮೇಲಕ್ಕೆ ಬರುತ್ತಿತ್ತು. ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು.

"ಶಾಲೆ ಬಿಡ್ತಾ?"

"ಇಲ್ಲ."

"ಮತ್ತೆ ಎಂತಕ್ಕೆ ಬಂದೆ?"

"ಆಯಿ ಕರೆಸಿದಳು."

ಅತ್ತೆ ತಲೆಯನ್ನು ಕಷ್ಟದಿಂದ ಬಾಗಿಲ ಕಡೆ ತಿರುಗಿಸಿದಳು. ಅಲ್ಲಿ ಆಯಿ ನಿಂತಿದ್ದಳು. ಬೆಳಿಗ್ಗೆಯೇ ಅತ್ತೆ ಅವಳಿಗೆ, ನೇರವಾಗಿ, "ಹೆಚ್ಚುಕಡಿಮೆ ಆದ್ರೂ ಶಾಲೆ ಬಿಡೂವರೆಗೆ ಅವಳಿಗೆ ಹೇಳಬ್ಯಾಡ" ಎಂದಿದ್ದಳಂತೆ. ಆಯಿ ಆಗ ಉತ್ತರ ಕೊಟ್ಟಿರಲಿಲ್ಲ. ಈಗ ಕೊಟ್ಟಳು. ಅಷ್ಟು ವರ್ಷಗಳಲ್ಲಿ ಅತ್ತೆಗೆ ಅವಳು ಆಡಿದ ಮೊದಲ ಮಾತು ಅದು.

"ಮುಖ ನೋಡಲಿ ಅಂತ ಕರೆಸಿದೆ, ಅತ್ತಿಗೆ. ನೋಡದೇ ಉಳಿದರೆ ಹೇಗಿರ್ತದೆ ಅಂತ ನಂಗೆ ಗೊತ್ತದೆ."

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಹೋದಳು.

ನಾನು ಹೇಳಿದ ಹಾಗೆ ಅಳಲಿಲ್ಲ. ಅತ್ತವಳು ಆಯಿ. ಹೆಣದ ಕಾಲಬುಡದಲ್ಲಿ ಕೂತು, ನೆಲ ಬಡಿದುಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಕೇರಿಯ ಹೆಂಗಸರು, ಇಷ್ಟು ವರ್ಷ ಮಾತಿಲ್ಲದಿದ್ದರೂ ಅತ್ತಿಗೆಯ ಮೇಲೆ ಎಷ್ಟು ಜೀವ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊನ್ನಾವರದ ದಡದ ಜಗಲಿಯಲ್ಲಿ ಕೂತವಳಿಗೆ ಅಂದು ಅಳಲು ಎದುರಿಗೆ ಹೆಣವಿರಲಿಲ್ಲ ಎಂಬುದು ಅವರಿಗೇನು ಗೊತ್ತು?

ಬೂದಿ ಬಿಟ್ಟು ಬಂದ ದಿನ ಬಚ್ಚಲ ಒಲೆಗೆ ಬೆಂಕಿ ಹಾಕುತ್ತ ಆಯಿ ನನ್ನನ್ನು ಹತ್ತಿರ ಕರೆದಳು. ಒದ್ದೆ ಸೌದೆ ಹೊಗೆಯಾಡುತ್ತಿತ್ತು.

"ನೀ ಇವತ್ತು ನಿನ್ನ ಕಾಲ ಮೇಲೆ ನಿಂತದ್ದು ಅವಳಿಂದ. ಅದನ್ನು ಯಾರ ಹತ್ತಿರವೂ ಇಲ್ಲ ಅನ್ಬ್ಯಾಡ" ಎಂದಳು. "ನಾ ನನ್ನ ತಾಯಿ ಮುಖ ನೋಡದೇ ಉಳಿದದ್ದೂ ಅವಳಿಂದಲೇ. ಅದನ್ನೂ ಇಲ್ಲ ಅನ್ಬ್ಯಾಡ."

ಆಮೇಲೆ ಊದುಗೊಳವೆ ತೆಗೆದುಕೊಂಡು, ಬೆಂಕಿ ಹತ್ತುವವರೆಗೂ ಊದಿದಳು.